ಅಧಿಕಾರವಿಲ್ಲದೆ ಬೇರೆ ವಿಭಾಗದವರನ್ನು ಒಪ್ಪಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಮೇಂಟೆನೆನ್ಸ್ ವಿಭಾಗದ ಎಂಜಿನಿಯರ್ ಆದ ನಿಮಗೆ ಪ್ರೊಡಕ್ಷನ್ ವಿಭಾಗದವರ ಮೇಲೆ ಯಾವ ಅಧಿಕಾರವೂ ಇಲ್ಲ, ಆದರೂ ಅವರು ಪ್ರತಿ ತಿಂಗಳು ಸಿಎನ್‌ಸಿ ಲೇತನ್ನು (ಲೋಹವನ್ನು ಕಡೆಯುವ ಕಂಪ್ಯೂಟರ್ ನಿಯಂತ್ರಿತ ಯಂತ್ರ) ನಾಲ್ಕು ಗಂಟೆ ನಿಲ್ಲಿಸಿ ನಿರ್ವಹಣೆಗಾಗಿ ನಿಮ್ಮ ವಶಕ್ಕೆ ಕೊಡಬೇಕು, ಅದಕ್ಕೆ ಪ್ರಭಾವ ಬೀರುವ ಯಾವ ತಂತ್ರ ಫಲಿಸುತ್ತದೆ, ಮತ್ತು ಹಾಗೆ ತಂತ್ರ ಹೂಡುವುದು ಕುಟಿಲತನವಾಗುವುದಿಲ್ಲವೇ? ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಗಳಲ್ಲಿ ನಾನೂ ಇದೇ ಕೆಲಸ ಮಾಡುತ್ತ ಬಂದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ತಂತ್ರವನ್ನು ಆರಿಸುವ ಮೊದಲು, ನಿಮಗೆ ಬೇಕಾಗಿರುವುದು ಎಂಥ ಒಪ್ಪಿಗೆ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಈ ವಿಷಯದಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿದ ಅಮೆರಿಕದ ಗ್ಯಾರಿ ಯೂಕ್ಲ್, ಯಾವುದೇ ಕೋರಿಕೆಗೆ ಮನಃಪೂರ್ವಕ ಸಹಕಾರ, ಕಾಟಾಚಾರದ ಪಾಲನೆ, ಪ್ರತಿರೋಧ ಎಂಬ ಮೂರು ಬಗೆಯ ಫಲಗಳಿರುತ್ತವೆ ಎಂದು ವಿಂಗಡಿಸುತ್ತಾರೆ. ಒಮ್ಮೆ ಮಾಡಿ ಮುಗಿಸುವ ಕೆಲಸಕ್ಕೆ ಕಾಟಾಚಾರದ ಪಾಲನೆಯೇ ಸಾಕು. ಆದರೆ ತಿಂಗಳು ತಿಂಗಳೂ, ನೀವು ರಜೆಯಲ್ಲಿದ್ದಾಗಲೂ ನಡೆಯಬೇಕಾದ ಕೆಲಸಕ್ಕೆ ಅದು ಸಾಲದು. ಡಿಸ್ಪ್ಯಾಚ್ ಒತ್ತಡ ಹೆಚ್ಚಾದ ಮೊದಲ ವಾರದಲ್ಲೇ ‘ಈ ಸಲ ಬಿಡಿ ಸಾರ್, ಮುಂದಿನ ತಿಂಗಳು ನೋಡೋಣ’ ಎಂಬ ಮಾತು ಬರುತ್ತದೆ.

ಯೂಕ್ಲ್ ಮತ್ತು ಬ್ರೂಸ್ ಟ್ರೇಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚು ಫಲ ಕೊಟ್ಟವು ತರ್ಕಬದ್ಧ ಮನವರಿಕೆ, ಎದುರಿನವರ ಆದರ್ಶವನ್ನು ತಟ್ಟುವ ಮನವಿ ಮತ್ತು ಯೋಜನೆಯಲ್ಲೇ ಅವರ ಸಲಹೆ ಪಡೆಯುವುದು. ಒತ್ತಡ ಹೇರುವುದು, ಗುಂಪು ಕಟ್ಟಿಕೊಂಡು ಹೋಗುವುದು, ನಿಯಮದ ಹೆಸರಿನಲ್ಲಿ ಕೇಳುವುದು ಇವೆಲ್ಲ ತಳದಲ್ಲಿದ್ದವು. ಹೊಗಳಿಕೆ ಮತ್ತು ಕೊಡುಕೊಳ್ಳುವಿಕೆ ಸಮಾನರ ನಡುವೆ, ಕೈಕೆಳಗಿನವರ ಹತ್ತಿರ ಒಂದಿಷ್ಟು ನಡೆಯುತ್ತವೆ. ಮೇಲಧಿಕಾರಿಯ ಮುಂದೆ ಅಷ್ಟಾಗಿ ನಡೆಯವು. ಬೆಣ್ಣೆ ಹಚ್ಚುವುದರಲ್ಲಿ ಪಳಗಿದವರು ನಮ್ಮ ಕಾರ್ಖಾನೆಗಳಲ್ಲಿ ಇದನ್ನು ಒಪ್ಪಲಾರರು, ಅದು ಬೇರೆ ಮಾತು.

ಈಗ ನಿಮ್ಮ ಲೇತಿನ ವಿಷಯಕ್ಕೆ ಬರೋಣ. ಮೂರು ನಿಮಿಷಕ್ಕೊಂದು ಪೀಸ್ ಬರುವ ಯಂತ್ರ ನಾಲ್ಕು ಗಂಟೆ ನಿಂತರೆ 80 ಪೀಸ್ ಕಡಿಮೆಯಾಗುತ್ತದೆ. ಮರುದಿನ ಬೆಳಗಿನ ಮೀಟಿಂಗಿನಲ್ಲಿ ಅದಕ್ಕೆ ಉತ್ತರ ಹೇಳಬೇಕಾದವರು ಶಿಫ್ಟ್ ಸೂಪರ್‌ವೈಸರ್, ನೀವಲ್ಲ. ಆದ್ದರಿಂದ ಬೇರಿಂಗ್‌ನ ಆಯುಸ್ಸು, ಲೂಬ್ರಿಕೇಷನ್ ಎಂದು ನಿಮ್ಮ ಭಾಷೆಯಲ್ಲಿ ವಾದಿಸುವ ಬದಲು, ಬ್ರೇಕ್‌ಡೌನ್ ರಿಜಿಸ್ಟರ್ ತೆರೆದು, ಕಳೆದ ಆರು ತಿಂಗಳಲ್ಲಿ ಅದೇ ಯಂತ್ರ ಹೇಳದೆ ಕೇಳದೆ ಕೆಟ್ಟು ನಿಂತ ಗಂಟೆಗಳನ್ನು ಪೀಸುಗಳ ಲೆಕ್ಕಕ್ಕೆ ಪರಿವರ್ತಿಸಿ ಅವರ ಮುಂದಿಡಿ. ಲೆಕ್ಕ ಅವರ ಪರವಾಗಿಯೇ ಬಂದರೆ, ಅಂದರೆ ಯಂತ್ರ ಅಷ್ಟೇನೂ ಕೆಟ್ಟಿಲ್ಲವೆಂದಾದರೆ, ನಾಲ್ಕು ಗಂಟೆಯ ಬೇಡಿಕೆಯನ್ನು ನೀವೇ ಮರುಪರಿಶೀಲಿಸಬೇಕಾಗುತ್ತದೆ.

ಕಾರಣದ ತೂಕ ಕೋರಿಕೆಯ ಗಾತ್ರಕ್ಕೆ ತಕ್ಕಂತಿರಬೇಕು. 1978ರಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಮತ್ತು ಸಹಸಂಶೋಧಕರ ಪ್ರಯೋಗವೊಂದರಲ್ಲಿ, ಐದು ಪುಟ ಜೆರಾಕ್ಸ್ ಮಾಡಿಕೊಳ್ಳುತ್ತೇನೆ, ಮೊದಲು ಬಿಡಿ ಎಂದು ಕೇಳಿದಾಗ ಪೊಳ್ಳು ಕಾರಣ ಹೇಳಿದರೂ ಶೇ. 93 ಮಂದಿ ಬಿಟ್ಟುಕೊಟ್ಟರು. ಪುಟಗಳು 20 ಆದಾಗ ಪೊಳ್ಳು ಕಾರಣಕ್ಕೆ ಬಿಟ್ಟವರು ಶೇ. 24 ಮಾತ್ರ, ನಿಜವಾದ ಕಾರಣಕ್ಕೆ ಶೇ. 42. ನೀವು ಕೇಳುತ್ತಿರುವುದು ಅರ್ಧ ಶಿಫ್ಟು ಎಂಬುದನ್ನು ಮರೆಯಬೇಡಿ.

ಲೆಕ್ಕ ತೋರಿಸಿದ ಮೇಲೆ ದಿನಾಂಕವನ್ನು ನೀವೇ ಹೇಳಬೇಡಿ. ಯಾವಾಗ ಕೊಟ್ಟರೆ ಅನುಕೂಲ ಎಂದು ಕೇಳಿ. ‘ಮಾಡೆಲ್ ಬದಲಾಯಿಸಿ ಸೆಟ್ಟಿಂಗ್ ಮಾಡುವ ದಿನ ಹೇಗೂ ಮಷಿನ್ ನಿಂತಿರುತ್ತದೆ, ಆಗಲೇ ಬನ್ನಿ, ಕೂಲಂಟ್ ಟ್ಯಾಂಕ್ ತೊಳೆಯುವುದನ್ನು ಮಾತ್ರ ಭಾನುವಾರಕ್ಕೆ ಹಾಕಿಕೊಳ್ಳಿ’ ಎಂಬಂಥ ಉತ್ತರ ಬರಬಹುದು. ಅದರಿಂದ ನಿಮ್ಮ ಚಾರ್ಟ್ ಏರುಪೇರಾದರೂ ಒಪ್ಪಿಕೊಳ್ಳಿ, ಏಕೆಂದರೆ ಈಗ ಅದು ಅವರದೇ ಯೋಜನೆ. ಎಲ್ಲವನ್ನೂ ಮೊದಲೇ ನಿಶ್ಚಯಿಸಿಕೊಂಡು ಬಾಯಿಮಾತಿಗೆ ಸಲಹೆ ಕೇಳಿದರೆ ಎದುರಿನವರಿಗೆ ತಕ್ಷಣ ಗೊತ್ತಾಗುತ್ತದೆ. ಅದಕ್ಕಿಂತ ಕೇಳದಿರುವುದೇ ಮರ್ಯಾದೆ. ಈ ಮಾತುಕತೆ ಮೀಟಿಂಗಿಗೆ ಮೊದಲು, ಯಂತ್ರದ ಪಕ್ಕದಲ್ಲೇ ನಡೆಯಲಿ. ಜಪಾನಿ ಕಂಪನಿಗಳಲ್ಲಿ ನೆಮವಾಶಿ ಎನ್ನುವ ಪದ್ಧತಿ ಇದೇ: ಸಂಬಂಧಪಟ್ಟ ಪ್ರತಿಯೊಬ್ಬರನ್ನೂ ಮುಂಚಿತವಾಗಿ ಕಂಡು, ಆಕ್ಷೇಪಗಳನ್ನು ಕೇಳಿಸಿಕೊಂಡು, ಬಳಿಕ ಸಭೆಗೆ ಹೋಗುವುದು. ಹತ್ತು ಜನರ ಎದುರು ಒಮ್ಮೆ ‘ಆಗುವುದಿಲ್ಲ’ ಎಂದವರು ಆ ಮಾತನ್ನು ಹಿಂತೆಗೆದುಕೊಳ್ಳುವುದು ಕಷ್ಟ.

ಪ್ಲಾಂಟ್ ಹೆಡ್‌ಗೆ ಸಿಸಿ ಹಾಕಿ ಮೇಲ್ ಕಳಿಸುವುದು ನಿಯಮ ಮತ್ತು ಒತ್ತಡ ಎರಡೂ ಬೆರೆತ ಅಸ್ತ್ರ. ಯಂತ್ರ ಸಿಗುತ್ತದೆ, ಮನುಷ್ಯ ದೂರವಾಗುತ್ತಾರೆ. ಒಂದೇ ಒಂದು ಸಂದರ್ಭದಲ್ಲಿ ನಾನು ಹಿಂದೆಮುಂದೆ ನೋಡದೆ ಅದನ್ನು ಬಳಸುತ್ತೇನೆ: ರಕ್ಷಣೆಯ ಗಾರ್ಡ್ ಅಥವಾ ಬಾಗಿಲು ತೆರೆದರೆ ಯಂತ್ರವನ್ನು ನಿಲ್ಲಿಸುವ ಡೋರ್ ಇಂಟರ್‌ಲಾಕ್ ಕೆಟ್ಟಿದ್ದರೂ ಯಂತ್ರ ಓಡಿಸುತ್ತಿದ್ದರೆ. ಆಪರೇಟರ್‌ನ ಕೈಯ ಪ್ರಶ್ನೆ ಬಂದಾಗ ಮನವೊಲಿಕೆಗೆ ಕಾಯುವಂತಿಲ್ಲ.

ಕುಟಿಲತನದ ಬಗ್ಗೆ ಕೇಳಿದ್ದೀರಿ. ನೀವು ಹೂಡಿದ ಉಪಾಯವನ್ನು ಆ ಸೂಪರ್‌ವೈಸರ್‌ಗೇ ಬಿಡಿಸಿ ಹೇಳಿದರೆ ನಾಳೆಯೂ ಅವರು ನಿಮ್ಮೊಡನೆ ಚಹಾ ಕುಡಿಯುತ್ತಾರೆ ಎಂದಾದರೆ ಅದರಲ್ಲಿ ದೋಷವಿಲ್ಲ. ರಿಜಿಸ್ಟರಿನ ಅಂಕಿ ತಿರುಚಿದರೆ ಖಂಡಿತ ಕುಡಿಯುವುದಿಲ್ಲ.

ಇನ್ನೊಂದು ಮಾತು. ಮೊದಲ ತಿಂಗಳು ಯಂತ್ರ ಕೈಗೆ ಸಿಕ್ಕಾಗ, ಬಿಚ್ಚಿ ತೆಗೆದ ಸವೆದ ಬೆಲ್ಟನ್ನು ಗುಜರಿಗೆ ಹಾಕುವ ಮುನ್ನ ಆಪರೇಟರ್‌ಗೂ ಸೂಪರ್‌ವೈಸರ್‌ಗೂ ತೋರಿಸಿ; ನಾಲ್ಕು ಗಂಟೆಯಲ್ಲಿ ಕೆಲಸ ಮುಗಿಯುವ ಲಕ್ಷಣವಿಲ್ಲದಿದ್ದರೆ ಅದನ್ನು ಎರಡನೆಯ ಗಂಟೆಯಲ್ಲೇ ಹೋಗಿ ತಿಳಿಸಿ. ಎರಡನೆಯ ತಿಂಗಳ ಒಪ್ಪಿಗೆ ಬಹುಮಟ್ಟಿಗೆ ಇದರ ಮೇಲೆಯೇ ನಿಂತಿರುತ್ತದೆ.