‘ಅಂತೆ’ ಎಲ್ಲಿ ಹೋಯಿತು?

ಮುಂಬಯಿ ಬಳಿಯ ಡೊಂಬಿವಲಿಯ ಓದುಗರೊಬ್ಬರ ಪತ್ರ: ಹೋಟೆಲ್ ಹೊಡೆದಾಟವೊಂದಕ್ಕೆ ಸಾಕ್ಷಿ ಹೇಳಲು ಅವರ ಮಾವ ಕೋರ್ಟಿಗೆ ಹೋಗಿದ್ದರು. “ಬೆಳಿಗ್ಗೆ ಹಾಲಿನವನು ಬಂದಲ್ಲಿಂದ ಹೇಳ್ತೀನಿ ಸ್ವಾಮಿ” ಎಂದು ಶುರುಮಾಡಿದರೆ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ಗದರಿದರಂತೆ. “ಕೊನೆಗೆ ಮಾವನೇ ಸುಳ್ಳುಗಾರರಾದರು. ಕನ್ನಡದಲ್ಲಿ ಹೇಳಿದ್ದೇ ತಪ್ಪಾಯಿತೇ?”

ತಪ್ಪಲ್ಲ ಸ್ವಾಮಿ. ಆದರೆ ನೀವು ಬರೆದ ಒಂದು ಸಾಲಿನ ಮೇಲೆ ನನ್ನ ಕಣ್ಣು ನಿಂತಿತು. ಮಾವ ಹೇಳಿದ್ದು, “ಅವನೇ ಮೊದಲು ಕೈ ಎತ್ತಿದನಂತೆ.” ದಾಖಲೆಗೆ ಹೋದದ್ದು, ‘ಅವನೇ ಮೊದಲು ಕೈ ಎತ್ತಿದನು.’ ಪಾಟೀ ಸವಾಲಿನಲ್ಲಿ ವಕೀಲರು, ಆಗ ನೀವೆಲ್ಲಿದ್ದಿರಿ ಎಂದರು. “ಒಳಗೆ, ವಡೆ ಬಿಡ್ತಾ ಇದ್ದೆ.” ಮುಗಿಯಿತು! ಕಂಡವನೇ ಹೇಳಬೇಕೆನ್ನುವ ಕಾನೂನಿನೆದುರು, ಕೇಳಿದ್ದು ಎಂದು ಪ್ರಾಮಾಣಿಕವಾಗಿ ಗುರುತು ಹಾಕಿಕೊಟ್ಟವರ ಗುರುತನ್ನೇ ಅಳಿಸಿದರು. ಇಂಗ್ಲಿಷಿನಲ್ಲಿ ‘ಅಂತೆ’ ಇಲ್ಲ, ಒಪ್ಪೋಣ. ಮರಾಠಿಯಲ್ಲಿ ‘ಮ್ಹಣೇ’ ಇದೆಯಲ್ಲ! ಮಾವನ ಮಾತನ್ನು ತರ್ಜುಮೆ ಮಾಡಿದ ದುಭಾಷಿ ಅದನ್ನು ಬಳಸಲಿಲ್ಲ, ಅಷ್ಟೇ.

ಇನ್ನೊಂದು ಸಂಗತಿ. ನಮ್ಮ ಕ್ರಿಮಿನಲ್ ಕೋರ್ಟುಗಳಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆದುಕೊಳ್ಳುವುದಿಲ್ಲ, ನಿರೂಪಣೆಯಾಗಿ ಬರೆದುಕೊಳ್ಳುತ್ತಾರೆ. ವಕೀಲರ ಪ್ರಶ್ನೆ ಮಾಯವಾಗಿ, ಇಡೀ ಮಾತು ಸಾಕ್ಷಿಯೇ ಹೇಳಿದಂತೆ ‘ನಾನು’ ಎಂದು ಸಾಗುತ್ತದೆ. ಕಥೆ ಹೇಳಬೇಡಿ ಎಂದವರೇ ಅವರ ಹೆಸರಲ್ಲಿ ಕಥೆ ಬರೆಯುತ್ತಾರೆ. ಬೇಕೆನಿಸಿದರೆ ಪ್ರಶ್ನೆ-ಉತ್ತರ ಎರಡನ್ನೂ ದಾಖಲಿಸುವ ಅಧಿಕಾರ ನ್ಯಾಯಾಧೀಶರಿಗಿದೆ, ವಕೀಲರು ಕೇಳಿಕೊಳ್ಳಬೇಕು.

ಈ ಅನುವಾದದ ಜಗಳ ಮುಂಬಯಿಗೆ ಹಳತು. 1908ರಲ್ಲಿ ಇದೇ ಫೋರ್ಟಿನ ಹೈಕೋರ್ಟಿನಲ್ಲಿ ತಿಲಕರ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಅವರ ಪತ್ರಿಕೆ ‘ಕೇಸರಿ’ಯ ಮರಾಠಿ ಲೇಖನಗಳು ಇಂಗ್ಲಿಷ್ ಅನುವಾದದಲ್ಲಿ ಜ್ಯೂರಿಯ ಮುಂದೆ ಬಂದವು. ಜ್ಯೂರಿಯಲ್ಲಿ ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಅನುವಾದವೇ ವಕ್ರ ಎಂದು ತಿಲಕರು ಪದ ಪದ ಹಿಡಿದು ವಾದಿಸಿದರು; ಅವರ ವಾದ ಒಟ್ಟು 21 ಗಂಟೆ ನಡೆಯಿತು. ಆದರೂ ಏಳು-ಎರಡರ ಬಹುಮತದಲ್ಲಿ ಆರು ವರ್ಷದ ಗಡೀಪಾರು.

ಅಷ್ಟು ವಾದಿಸುವುದು ನಮ್ಮ ಕೈಲಾಗದು. ಆದರೆ ಬರೆದುಕೊಂಡದ್ದನ್ನು ಸಾಕ್ಷಿಗೆ ಓದಿ ಹೇಳಬೇಕು, ಬರೆದುಕೊಂಡ ಭಾಷೆ ಬಾರದಿದ್ದರೆ ಅವನು ಮಾತಾಡಿದ ಭಾಷೆಯಲ್ಲೋ ಅವನಿಗೆ ತಿಳಿಯುವ ಭಾಷೆಯಲ್ಲೋ ತಿಳಿಸಬೇಕು ಎಂದು ಕಾನೂನಿದೆ. ತಪ್ಪಿದೆ ಎಂದರೆ ತಿದ್ದಬೇಕು, ಇಲ್ಲವೇ ಆಕ್ಷೇಪವನ್ನಾದರೂ ಬರೆದಿಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದು ಉಳಿದಿದೆ.

ಓದಿ ಹೇಳಿದಾಗ ಮಾವ “ಹೂಂ, ಹೂಂ” ಎನ್ನುತ್ತಾ ರುಜು ಹಾಕಿದರೆಂದು ನೀವೇ ಬರೆದಿದ್ದೀರಿ. ಆ ಹೂಂ ‘ಸರಿ’ ಎಂದೋ, ‘ಕೇಳ್ತಾ ಇದ್ದೀನಿ, ಮುಂದೆ ಹೇಳಿ’ ಎಂದೋ? ಅವರನ್ನೇ ಕೇಳಿ ತಿಳಿಸಿ.

-ಸಂ.