ಓದುಗರ ಪ್ರಶ್ನೆ: ಫೋಟೊಡಯೋಡಿನ ಕರೆಂಟನ್ನು ಯಾವ ಕಡೆಯಿಂದ ಅಳೆಯಬೇಕು?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್‌ನ ಕೊನೆಯ ವರ್ಷದ ವಿದ್ಯಾರ್ಥಿ. ಸೆಕೆಂಡಿಗೆ 2.5 ಗಿಗಾಬಿಟ್ ವೇಗದ ಆಪ್ಟಿಕಲ್ ಫೈಬರ್ ರಿಸೀವರ್ ಒಂದನ್ನು ಕಟ್ಟುತ್ತಿದ್ದು, ಅದರಲ್ಲಿ 60 ವೋಲ್ಟ್ ಬಯಾಸಿನ (ಹೊರಗಿನಿಂದ ಕೊಡುವ ಸ್ಥಿರ ವೋಲ್ಟೇಜಿನ) ಅವಲಾಂಚ್ ಫೋಟೊಡಯೋಡ್, ಅಂದರೆ ಬೆಳಕಿನಿಂದ ಹುಟ್ಟಿದ ಕರೆಂಟನ್ನು ತನ್ನೊಳಗೇ ಹಲವು ಪಟ್ಟು ಹೆಚ್ಚಿಸುವ ಡಯೋಡ್ ಇದೆ. ಒಳಬರುವ ಬೆಳಕಿನ ಪ್ರಮಾಣ ತಿಳಿಯಲು ಅದರ ಆನೋಡಿಗೂ ಕರೆಂಟನ್ನು ವೋಲ್ಟೇಜಾಗಿ ಬದಲಿಸುವ ಟ್ರಾನ್ಸ್‌ಇಂಪಿಡೆನ್ಸ್ ಆಂಪ್ಲಿಫೈಯರಿಗೂ ನಡುವೆ 1 ಕಿಲೋಓಮ್ ರೆಸಿಸ್ಟರ್ ಹಾಕಿದಂದಿನಿಂದ ಬಿಟ್ ದೋಷಗಳು ಹೆಚ್ಚಾಗಿವೆ. ಕತ್ತಲಲ್ಲಿಯೂ 40 ನ್ಯಾನೊಆಂಪಿಯರ್ ಕಾಣುತ್ತದೆ. ಮಳೆಯ ದಿನಗಳಲ್ಲಿ ಇನ್ನೂ ಹೆಚ್ಚು. (ಮಂಗಳೂರಿನ ಓದುಗರೊಬ್ಬರು)

ಉತ್ತರ: ರೆಸಿಸ್ಟರನ್ನು ಮೊದಲು ಅಲ್ಲಿಂದ ತೆಗೆಯಿರಿ. ಡಯೋಡಿನ ಕೆಪಾಸಿಟೆನ್ಸ್ ಅರ್ಧ ಪಿಕೊಫ್ಯಾರಡ್ ಎಂದಿಟ್ಟುಕೊಂಡರೂ 1 ಕಿಲೋಓಮ್ ಜೊತೆ ಸೇರಿ ಅದು ಬ್ಯಾಂಡ್‌ವಿಡ್ತನ್ನು ಸುಮಾರು 320 ಮೆಗಾಹರ್ಟ್ಸ್‌ಗೆ ಇಳಿಸುತ್ತದೆ. ನಿಮ್ಮ ವೇಗಕ್ಕೆ ಬೇಕಿರುವುದು 1.7 ಗಿಗಾಹರ್ಟ್ಸ್‌ನಷ್ಟು. ಆನೋಡಿನ ದಾರಿ ಸಂಕೇತಕ್ಕೆ ಮೀಸಲು. ಡಯೋಡಿನಲ್ಲಿ ಹರಿಯುವ ಸರಾಸರಿ ಕರೆಂಟೇ ಕ್ಯಾಥೋಡಿನ ಕಡೆ ಬಯಾಸ್ ಮೂಲದಿಂದಲೂ ಬರುತ್ತದೆಯಾದ್ದರಿಂದ ಅಳತೆಯನ್ನು ಅಲ್ಲಿಯೇ ಮಾಡಬಹುದು. ಕ್ಯಾಥೋಡಿನಿಂದ ನೆಲಕ್ಕೆ ಒಂದು ಸಣ್ಣ ಕೆಪಾಸಿಟರ್ ಇಟ್ಟರೆ ವೇಗದ ಕರೆಂಟು ಅದರ ಮೂಲಕವೇ ಸುತ್ತು ಮುಗಿಸುತ್ತದೆ, ಅಳೆಯುವ ಭಾಗಕ್ಕೆ ಅದರ ಗೊಡವೆ ಇರುವುದಿಲ್ಲ.

ಆ ಜಾಗದಲ್ಲಿ ನನ್ನ ಆಯ್ಕೆ ಪಿಎನ್‌ಪಿ ಟ್ರಾನ್ಸಿಸ್ಟರ್‌ಗಳ ಕರೆಂಟ್ ಮಿರರ್. ಒಂದು ಟ್ರಾನ್ಸಿಸ್ಟರ್ ಡಯೋಡಿಗೆ ಕರೆಂಟು ಕೊಡುತ್ತದೆ, ಜೋಡಿಯಾದದ್ದು ಅಷ್ಟನ್ನೇ ನೆಲದ ಕಡೆಗಿರುವ ರೆಸಿಸ್ಟರಿಗೆ ಇಳಿಸುತ್ತದೆ. ಹೀಗಾಗಿ 60 ವೋಲ್ಟಿನ ಮೇಲೆ ಕುಳಿತ ಸಣ್ಣ ವೋಲ್ಟೇಜನ್ನು ಅಳೆಯುವ ಕಷ್ಟವೇ ಇರುವುದಿಲ್ಲ. ಆದರೆ ಇಲ್ಲೊಂದು ಮೋಸವಿದೆ. 1 ಮಿಲಿಆಂಪಿಯರ್ ಹರಿಯುವಾಗ ನಕಲು ಮಾಡುವ ಟ್ರಾನ್ಸಿಸ್ಟರ್ ಸುಮಾರು 60 ಮಿಲಿವ್ಯಾಟ್ ಶಾಖ ತಿನ್ನುತ್ತದೆ, ಅದರ ಜೋಡಿ ಒಂದು ಮಿಲಿವ್ಯಾಟನ್ನೂ ತಿನ್ನುವುದಿಲ್ಲ. ಎರಡರ ನಡುವೆ 1 ಡಿಗ್ರಿ ವ್ಯತ್ಯಾಸ ಬಂದರೂ ನಕಲು ಸುಮಾರು 8 ಶೇಕಡಾ ತಪ್ಪುತ್ತದೆ. ಆದ್ದರಿಂದ ಒಂದೇ ಪ್ಯಾಕೇಜಿನ ಜೋಡಿಯನ್ನು ಬಳಸಿ, ಹೆಚ್ಚಿನ ವೋಲ್ಟೇಜನ್ನು ಮೂರನೆಯ ಟ್ರಾನ್ಸಿಸ್ಟರ್ ಹೊರುವಂತೆ ವಿಲ್ಸನ್ ವಿನ್ಯಾಸದಲ್ಲಿ ಜೋಡಿಸಿ.

ಕತ್ತಲಿನ 40 ನ್ಯಾನೊಆಂಪಿಯರ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಡಯೋಡನ್ನು ಬಿಚ್ಚಿಟ್ಟು ನೋಡಿ. ಆಗಲೂ ಉಳಿಯುವುದು ಬೋರ್ಡಿನ ಸೋರಿಕೆ. ಬೆಸುಗೆಯ ಫ್ಲಕ್ಸ್ ಉಳಿಕೆ ತೇವ ಹೀರಿದರೆ, ಕರಾವಳಿಯ ಮಳೆಗಾಲದಲ್ಲಿ ಅದು ಸಹಜವೇ. ಚೆನ್ನಾಗಿ ತೊಳೆದು ಒಣಗಿಸಿದರೆ ಬಹುಪಾಲು ಹೋಗುತ್ತದೆ. ಅಷ್ಟಾಗಿಯೂ, 1 ಮೈಕ್ರೊವ್ಯಾಟ್ ಬೆಳಕಿಗೆ ಗಳಿಕೆ (ಕರೆಂಟನ್ನು ಒಳಗೇ ಹೆಚ್ಚಿಸುವ ಪಟ್ಟು) 10 ಇರುವ ಡಯೋಡು 9 ಮೈಕ್ರೊಆಂಪಿಯರ್‌ನಷ್ಟು ಕೊಡುವಾಗ ಈ ಸೋರಿಕೆ ಅರ್ಧ ಶೇಕಡಾ ಕೂಡ ಅಲ್ಲ.

ನಿಜವಾದ ತೊಡಕು ಆ ಗಳಿಕೆಯೇ. ನೀವು ಅಳೆಯುತ್ತಿರುವುದು ಬೆಳಕು ಮತ್ತು ಗಳಿಕೆಯ ಗುಣಲಬ್ಧವನ್ನು. ಉಷ್ಣತೆ ಏರಿದಂತೆ ಬ್ರೇಕ್‌ಡೌನ್ ವೋಲ್ಟೇಜೂ (ಡಯೋಡಿನ ತಡೆ ಮುರಿದು ಕರೆಂಟು ಒಮ್ಮೆಗೇ ನುಗ್ಗುವ ಮಟ್ಟ) ಏರುವುದರಿಂದ, ಬಯಾಸನ್ನು ಅದರ ಜೊತೆ ಏರಿಸದಿದ್ದರೆ ಗಳಿಕೆ ಕುಸಿಯುತ್ತದೆ. ಬಯಾಸಿನ ಸರಣಿಯಲ್ಲಿ 10 ಕಿಲೋಓಮ್ ಇದ್ದರೆ 1 ಮಿಲಿಆಂಪಿಯರ್‌ಗೆ 10 ವೋಲ್ಟ್ ಇಳಿದು, ಬೆಳಕು ಹೆಚ್ಚಾದಾಗ ಗಳಿಕೆ ತಾನಾಗಿ ತಗ್ಗುತ್ತದೆ. ಇದು ಡಯೋಡನ್ನು ಕಾಯುತ್ತದೆ, ಅಳತೆಯ ಗೆರೆಯನ್ನು ಮಾತ್ರ ಬಾಗಿಸುತ್ತದೆ. ಹೀಗಾಗಿ ಗೊತ್ತಿರುವ ಹಲವು ಬೆಳಕಿನ ಮಟ್ಟಗಳಲ್ಲಿ, ಎರಡು ಮೂರು ಉಷ್ಣತೆಗಳಲ್ಲಿ ಓದಿ, ಕೋಷ್ಟಕವನ್ನು ಮೆಮೊರಿಯಲ್ಲಿಡಿ. ಮಾರುಕಟ್ಟೆಯಲ್ಲಿ ಸಿಗುವ, ಉಪಕರಣಕ್ಕೆ ಸಿಕ್ಕಿಸುವ ಸಣ್ಣ ಆಪ್ಟಿಕಲ್ ಘಟಕಗಳಾದ ಎಸ್‌ಎಫ್‌ಪಿ ಮಾಡ್ಯೂಲ್‌ಗಳಿಗೆ ಅನ್ವಯಿಸುವ ಎಸ್‌ಎಫ್‌ಎಫ್‌-8472 ನಿಯಮವೇ ಒಳಬರುವ ಬೆಳಕಿನ ಅಳತೆಯಲ್ಲಿ 3 ಡಿಬಿ (ಸುಮಾರು ಎರಡು ಪಟ್ಟು ಅಥವಾ ಅರ್ಧ) ಆಚೀಚೆಯನ್ನು ಒಪ್ಪುತ್ತದೆ. ಅದಕ್ಕಿಂತ ಒಳ್ಳೆಯ ಫಲ ನಿಮಗೆ ಸುಲಭವಾಗಿ ಸಿಗಬೇಕು.

ಪ್ರಶ್ನೆ: ಮನೆಮನೆಗೆ ಫೈಬರ್ ಕೊಡುವ ಜಿಪಾನ್ ಜಾಲದ ಕೇಂದ್ರ ಉಪಕರಣದಲ್ಲಿಯೂ ಇದೇ ಸರ್ಕ್ಯೂಟ್ ಸಾಕೇ?

ಉತ್ತರ: ಸಾಲದು. ಅಲ್ಲಿ ಪ್ರತಿ ಮನೆಯ ಉಪಕರಣವೂ 125 ಮೈಕ್ರೊಸೆಕೆಂಡಿನ ಫ್ರೇಮಿನಲ್ಲಿ ತನ್ನ ಸರದಿಗೆ ಮಾತ್ರ ಬೆಳಕು ಕಳುಹಿಸುವುದರಿಂದ, ಸರಾಸರಿ ತೆಗೆದರೆ ಹತ್ತಿರದ ಮನೆಯೂ ದೂರದ ಮನೆಯೂ ಒಂದರಲ್ಲೊಂದು ಬೆರೆತುಹೋಗುತ್ತವೆ. 10 ಮೈಕ್ರೊಆಂಪಿಯರ್‌ನಲ್ಲಿ ಮಿರರಿನ ಒಳಪ್ರತಿರೋಧ 2.6 ಕಿಲೋಓಮ್ ಆಸುಪಾಸಿನದು, ಕ್ಯಾಥೋಡಿನಲ್ಲಿ 0.1 ಮೈಕ್ರೊಫ್ಯಾರಡ್ ಇಟ್ಟರೆ ಕಾಲಸ್ಥಿರಾಂಕ 260 ಮೈಕ್ರೊಸೆಕೆಂಡಾಗಿ ಫ್ರೇಮನ್ನೇ ಮೀರುತ್ತದೆ. ಆ ಕೆಪಾಸಿಟರನ್ನು 100 ಪಿಕೊಫ್ಯಾರಡ್‌ಗೆ ಇಳಿಸಿ, ಬೇಕಾದ ಮನೆಯ ಸರದಿ ನಡೆಯುತ್ತಿರುವಾಗಲೇ ಟ್ರಿಗರ್ ಕೊಟ್ಟು ಸ್ಯಾಂಪಲ್-ಹೋಲ್ಡ್ (ಆ ಕ್ಷಣದ ವೋಲ್ಟೇಜನ್ನು ಹಿಡಿದಿಡುವ ಸರ್ಕ್ಯೂಟ್) ಮೂಲಕ ಓದಬೇಕು.