ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಮಾದರಿ ತಾಯಿ ಅಂತ ಯಾರನ್ನು ಹೇಳಬಹುದು?

ನನ್ನ ಆಯ್ಕೆ ಮಮ್ ಶರ್ಲ್. ವಿರಾಜುರಿ ಜನಾಂಗದವರು, ನಿಜವಾದ ಹೆಸರು ಶರ್ಲಿ ಸ್ಮಿತ್. ಮೂರ್ಛೆರೋಗವಿದ್ದ ಕಾರಣ ಶಾಲೆಗೆ ಸರಿಯಾಗಿ ಹೋಗಲಾಗಲಿಲ್ಲ. ಅಜ್ಜನೇ ಮೇಷ್ಟ್ರು.

ಒಡಹುಟ್ಟಿದವನು ಜೈಲು ಸೇರಿದಾಗ ನೋಡಲು ಹೋಗುತ್ತಿದ್ದರು. ಅವನು ಹೊರಬಂದ ಮೇಲೂ ಹೋಗುವುದು ನಿಲ್ಲಲಿಲ್ಲ. ಉಳಿದ ಕೈದಿಗಳನ್ನೂ ಮಾತಾಡಿಸಬೇಕಲ್ವಾ? "ಇವನಿಗೆ ನೀವೇನಾಗಬೇಕು?" ಅಂತ ಅಧಿಕಾರಿಗಳು ಕೇಳಿದರೆ, "ನಾನು ಇವನ ಅಮ್ಮ" ಅನ್ನುತ್ತಿದ್ದರು. ಪ್ರತಿ ಕೈದಿಗೂ ಅದೇ ಉತ್ತರ! ಹಾಗೆ 'ಮಮ್' ಆದರು.

ಅವರ ಕಾಲದಲ್ಲಿ ಸರ್ಕಾರವೇ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತೊಯ್ಯುತ್ತಿತ್ತು. ತಮ್ಮವರು ಯಾರೆಂದೇ ಆ ಮಕ್ಕಳಿಗೆ ಗೊತ್ತಿರುತ್ತಿರಲಿಲ್ಲ. ಅಂಥವರಿಗೆ ಹೆತ್ತವರನ್ನು ಹುಡುಕಿಕೊಡಲು ಶರ್ಲ್ ಓಡಾಡಿದರು. 60ಕ್ಕೂ ಹೆಚ್ಚು ಮಕ್ಕಳನ್ನು ತಾವೇ ಸಾಕಿದರು. ತಮ್ಮ ಜನರ ನಡುವೆಯೇ ಬೆಳೆದ ಮಗುವಿಗೆ ತನ್ನ ಕುಲದ ಬಗ್ಗೆ ನಾಚಿಕೆ ಯಾಕೆ ಇರುತ್ತೆ? ಹೆಮ್ಮೆ ಅಂತ ಬೇರೆ ಪಾಠ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಸಿಡ್ನಿಯ ರೆಡ್‌ಫರ್ನ್‌ನಲ್ಲಿ 1970ರಲ್ಲಿ ಮೂಲನಿವಾಸಿಗಳ ಕಾನೂನು ನೆರವು ಕೇಂದ್ರ, 1971ರಲ್ಲಿ ವೈದ್ಯಕೀಯ ಕೇಂದ್ರ ಶುರುವಾದವು. ಎರಡನ್ನೂ ಕಟ್ಟಿದವರಲ್ಲಿ ಅವರೂ ಒಬ್ಬರು. 1998ರಲ್ಲಿ ತೀರಿಕೊಂಡರು. ಆ ಎರಡೂ ಸೇವೆಗಳು ಈಗಲೂ ನಡೆಯುತ್ತಿವೆ.